ಲ್ಯಾಪ್‌ಟಾಪ್‌ನಿಂದ ಮೊಬೈಲ್ ಚಾರ್ಜ್: ನಿಮಗಿದು ಗೊತ್ತೇ?

● ಲ್ಯಾಪ್‌ಟಾಪ್‌ನ ಟೈಪ್-ಸಿ ಪೋರ್ಟ್ ಖಾಲಿ ಇದ್ದಾಗ ಅದರ ಪವರ್ ಪಿನ್‌ಗಳಲ್ಲಿ ಕರೆಂಟೇ ಇರುವುದಿಲ್ಲ. ಪೆನ್‌ಡ್ರೈವ್ ಹಾಕುವ ಹಳೆಯ ಅಗಲ ಪೋರ್ಟ್‌ನಲ್ಲಿ, ಅಂದರೆ ಯುಎಸ್‌ಬಿ-ಎಯಲ್ಲಿ, ಲ್ಯಾಪ್‌ಟಾಪ್ ಆನ್ ಆಗಿರುವಷ್ಟು ಹೊತ್ತೂ 5 ವೋಲ್ಟ್ ಸಿದ್ಧವಾಗಿರುತ್ತದೆ. ಟೈಪ್-ಸಿಯ ಕ್ರಮ ಬೇರೆ. ಆಚೆ ತುದಿಯಲ್ಲಿ ವಿದ್ಯುತ್ ಬೇಕಾದ ಸಾಧನವೊಂದಿದೆ ಎಂದು ಖಾತ್ರಿಯಾದ ಮೇಲೆಯೇ ಅದು 5 ವೋಲ್ಟ್ ಬಿಡುತ್ತದೆ.

● ಆ ಖಾತ್ರಿ ಕೊಡುವುದು 5.1 ಕಿಲೊಓಮ್‌ನ ಒಂದು ರೆಸಿಸ್ಟರ್. ಸಾಸಿವೆ ಕಾಳಿಗಿಂತ ಚಿಕ್ಕದು, ಬೆಲೆ ಪೈಸೆಗಳ ಲೆಕ್ಕ. ಫೋನಿನ ಒಳಗೆ ‘ಸಿಸಿ’ ಎಂಬ ಪಿನ್‌ಗೆ ಇದನ್ನು ಜೋಡಿಸಿರುತ್ತಾರೆ. ಲ್ಯಾಪ್‌ಟಾಪ್ ಆ ಪಿನ್‌ನ ವೋಲ್ಟೇಜ್ ಅಳೆದು, ರೆಸಿಸ್ಟರ್ ಇದೆ ಎಂದು ತಿಳಿದ ಮೇಲೆ ವಿದ್ಯುತ್ತಿನ ದಾರಿ ತೆರೆಯುತ್ತದೆ.

● ಅಗ್ಗದ ಟ್ರಿಮ್ಮರ್, ಟಾರ್ಚ್, ಕೈಫ್ಯಾನ್‌ಗಳು ಲ್ಯಾಪ್‌ಟಾಪ್‌ನ ಸಿ ಪೋರ್ಟ್‌ಗೆ ಹಾಕಿದರೆ ಚಾರ್ಜ್ ಆಗದೆ ಸುಮ್ಮನೆ ಬಿದ್ದಿರುತ್ತವಲ್ಲ, ಅದಕ್ಕೆ ಎಷ್ಟೋ ಸಲ ಇದೇ ರೆಸಿಸ್ಟರ್ ಕಾರಣ. ತಯಾರಕರು ಖರ್ಚು ಉಳಿಸಲು ಅದನ್ನು ಹಾಕಿರುವುದಿಲ್ಲ. ಲ್ಯಾಪ್‌ಟಾಪ್‌ನ ಪಾಲಿಗೆ ಆಚೆ ಯಾರೂ ಇಲ್ಲ. ಅದೇ ಟ್ರಿಮ್ಮರ್ ಅನ್ನು ಎ-ಯಿಂದ-ಸಿ ಕೇಬಲ್‌ನಲ್ಲಿ ಹಳೆಯ ಪೋರ್ಟ್‌ಗೆ ಹಾಕಿ ನೋಡಿ, ಕೆಂಪು ದೀಪ ಹತ್ತುತ್ತದೆ. ಸಾಮಾನು ಕೆಟ್ಟಿದೆಯೆಂದು ಬಿಸಾಡುವ ಮುಂಚೆ ಇಷ್ಟು ಮಾಡಿ ನೋಡುವುದು ಒಳ್ಳೆಯದು. ಪೈಸೆ ಬೆಲೆಯ ರೆಸಿಸ್ಟರ್ ಉಳಿಸಿ ಗಿರಾಕಿಗೆ ಇಷ್ಟು ತೊಂದರೆ ಕೊಡುವುದನ್ನು ನಾನಂತೂ ಒಪ್ಪಲಾರೆ.

● ಇಂಥ ಎಡವಟ್ಟು ಅಗ್ಗದ ಸಾಮಾನಿಗಷ್ಟೇ ಮೀಸಲಲ್ಲ. 2019ರ ಜೂನ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಜನಪ್ರಿಯ ಪುಟ್ಟ ಕಂಪ್ಯೂಟರ್‌ನಲ್ಲಿ ಎರಡು ಸಿಸಿ ಪಿನ್‌ಗಳಿಗೆ ಬೇರೆ ಬೇರೆ ರೆಸಿಸ್ಟರ್ ಹಾಕುವ ಬದಲು ಎರಡಕ್ಕೂ ಸೇರಿಸಿ ಒಂದೇ ಹಾಕಿದ್ದರು. ಚಿಪ್ ಇರುವ ಒಳ್ಳೆಯ ಕೇಬಲ್ ಹಾಕಿದರೆ ಅದು ಆನ್ ಆಗುತ್ತಿರಲಿಲ್ಲ. ಚಿಪ್ ಇಲ್ಲದ ಸಾದಾ ಕೇಬಲ್ ಹಾಕಿದರೆ ಆಗುತ್ತಿತ್ತು. ಮುಂದಿನ ಬೋರ್ಡ್‌ಗಳಲ್ಲಿ ಸರಿಪಡಿಸಿದರು.

● ಟೈಪ್-ಸಿಯಲ್ಲಿ ಇರುವುದು 24 ಪಿನ್. ನಾಲ್ಕು ವಿದ್ಯುತ್ತಿಗೆ, ನಾಲ್ಕು ಗ್ರೌಂಡ್‌ಗೆ, ಹನ್ನೆರಡು ಡೇಟಾಗೆ, ಎರಡು ಇತರ ಸಂಕೇತಗಳಿಗೆ, ಉಳಿದೆರಡು ಈ ಸಿಸಿ. ಮೇಲು ಕೆಳಗು ನೋಡದೆ ಹೇಗೆ ಚುಚ್ಚಿದರೂ ನಡೆಯುವುದು ಸಿಸಿಯ ದೆಸೆಯಿಂದ. ಕೇಬಲ್‌ನಲ್ಲಿ ಸಿಸಿ ತಂತಿ ಒಂದೇ. ಅದು ಪೋರ್ಟ್‌ನ ಎರಡು ಸಿಸಿ ಪಿನ್‌ಗಳಲ್ಲಿ ಯಾವುದಕ್ಕೆ ತಾಗಿತು ಎನ್ನುವುದರಿಂದಲೇ ಕೇಬಲ್‌ನ ತುದಿ ಯಾವ ಮಗ್ಗುಲಲ್ಲಿ ಕೂತಿದೆ ಎಂದು ಲ್ಯಾಪ್‌ಟಾಪ್‌ಗೆ ಗೊತ್ತಾಗುತ್ತದೆ.

● ಫೋನಿನ ಕಡೆ ರೆಸಿಸ್ಟರ್ ಇರುವಂತೆ ಲ್ಯಾಪ್‌ಟಾಪ್‌ನ ಕಡೆಯಿಂದಲೂ ಒಂದು ಸೂಚನೆ ಹೊರಡುತ್ತದೆ. ‘ನನ್ನಿಂದ ಇಷ್ಟು ಆಂಪಿಯರ್ ಎಳೆಯಬಹುದು’ ಎಂಬ ಸೂಚನೆ ಅದು. ಅದರಲ್ಲಿ ಮೂರು ಮಟ್ಟ: ಮೊದಲನೆಯದು ಸಾಮಾನ್ಯ ಯುಎಸ್‌ಬಿ ಮಟ್ಟ, ಎರಡನೆಯದು 1.5 ಆಂಪಿಯರ್, ಮೂರನೆಯದು 3 ಆಂಪಿಯರ್. ವೋಲ್ಟೇಜ್ ಮೂರರಲ್ಲೂ 5. ಗುಣಿಸಿದರೆ ಎರಡನೆಯದು 7.5 ವ್ಯಾಟ್, ಮೂರನೆಯದು 15 ವ್ಯಾಟ್. ಸಾಮಾನ್ಯ ಮಟ್ಟದಲ್ಲಿ ಯುಎಸ್‌ಬಿ 2.0 ಕೊಡುವುದು 2.5 ವ್ಯಾಟ್, ಯುಎಸ್‌ಬಿ 3.0 ಕೊಡುವುದು 4.5 ವ್ಯಾಟ್.

ಲ್ಯಾಪ್‌ಟಾಪ್‌ನಿಂದ ಒಬ್ಬರಿಗೆ ಬೇಗ ಚಾರ್ಜ್ ಆಗಿ ಇನ್ನೊಬ್ಬರಿಗೆ ಆಮೆ ನಡಿಗೆಯಾಗುವುದು ಇದರಿಂದಲೇ. ಪೋರ್ಟ್‌ಗಳು ನೋಡಲು ಒಂದೇ ಥರ, ಒಳಗಿನ ಮಟ್ಟ ಬೇರೆ ಬೇರೆ. 5,000 ಎಂಎಎಚ್ ಬ್ಯಾಟರಿಯ ಖಾಲಿ ಫೋನು 15 ವ್ಯಾಟ್‌ನಲ್ಲಿ ತುಂಬಲು ಎರಡು ಗಂಟೆಯ ಆಸುಪಾಸು ಬೇಕು. 7.5 ವ್ಯಾಟ್‌ನಲ್ಲಾದರೆ ಮೂರು ಗಂಟೆಗೂ ಮಿಕ್ಕಿ. 2.5 ವ್ಯಾಟ್ ಪೋರ್ಟ್‌ಗೆ ಸಿಕ್ಕಿಸಿ ಅದೇ ಫೋನಿನಲ್ಲಿ ವಿಡಿಯೊ ನೋಡುತ್ತಾ ಕೂತರೆ ಚಾರ್ಜ್ ಏರುವ ಬದಲು ಇಳಿಯಲೂಬಹುದು.

ಈ ವ್ಯಾಟ್ ಸಂಖ್ಯೆಯನ್ನು ಬಹುತೇಕ ಕಂಪನಿಗಳು ಪೋರ್ಟ್‌ನ ಪಕ್ಕದಲ್ಲಿ ಅಚ್ಚು ಹಾಕುವುದಿಲ್ಲ. ಲ್ಯಾಪ್‌ಟಾಪ್ ಕೊಂಡವರು ಕೈಪಿಡಿಯ ಯಾವುದೋ ಮೂಲೆಯಲ್ಲಿ ಅದನ್ನು ಹುಡುಕಬೇಕು. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಮೇಲೆ ವ್ಯಾಟ್ ಬರೆಯುವಾಗ ಇದರ ಮೇಲೆ ಬರೆಯದಿರಲು ಯಾವ ಕಾರಣವೂ ನನಗೆ ಕಾಣುವುದಿಲ್ಲ. ಒಂದು ಸುಳಿವು ಮಾತ್ರ ಇದೆ: ಪೋರ್ಟ್‌ನ ಪಕ್ಕ ಬಾಣದ ತುದಿಯ ಮಿಂಚಿನ ಚಿಹ್ನೆ ಇದ್ದರೆ ಅದು ಥಂಡರ್‌ಬೋಲ್ಟ್ ಎಂಬ ಹೆಚ್ಚು ವೇಗದ ಪೋರ್ಟ್. ಥಂಡರ್‌ಬೋಲ್ಟ್ 3 ಮತ್ತು 4ರ ಪೋರ್ಟ್‌ಗಳಿಂದ 15 ವ್ಯಾಟ್ ನಿರೀಕ್ಷಿಸಬಹುದು.

● ‘ನನ್ನ ಫೋನಿಗೆ 67 ವ್ಯಾಟ್ ಫಾಸ್ಟ್ ಚಾರ್ಜಿಂಗ್ ಇದೆ, ಲ್ಯಾಪ್‌ಟಾಪ್‌ನಿಂದ ಯಾಕೆ ಬರುತ್ತಿಲ್ಲ?’ ಎಂದು ಕೇಳುವವರು ಬಹಳ ಮಂದಿ. ಆ 67 ವ್ಯಾಟ್ ಸಾಮಾನ್ಯವಾಗಿ ಆ ಕಂಪನಿಯ ಚಾರ್ಜರ್ ಮತ್ತು ಅದರದೇ ಕೇಬಲ್ ಎರಡೂ ಸೇರಿದಾಗ ಮಾತ್ರ ಸಿಗುವಂಥದ್ದು. ಒಪ್ಪೊ 2014ರಲ್ಲಿ ತಂದ ವೂಕ್ ಈ ಜಾತಿಯದು. ಆಮೇಲೆ ಬೇರೆ ಕಂಪನಿಗಳೂ ತಮ್ಮ ತಮ್ಮ ವಿಧಾನ ತಂದವು. ಲ್ಯಾಪ್‌ಟಾಪ್‌ಗೆ ಆ ಗುಟ್ಟಿನ ಭಾಷೆ ಬಾರದು. ಆಗ ಇಬ್ಬರಿಗೂ ಗೊತ್ತಿರುವ 5 ವೋಲ್ಟ್‌ಗೆ ಫೋನು ಇಳಿದುಬರುತ್ತದೆ.

● ಎಲ್ಲ ಕಂಪನಿಗಳಿಗೂ ಸಲ್ಲುವ ಭಾಷೆ ಒಂದಿದೆ, ಅದರ ಹೆಸರು ಪವರ್ ಡೆಲಿವರಿ. ಮೊದಲ ಆವೃತ್ತಿ ಬಂದದ್ದು 2012ರಲ್ಲಿ. ಪವರ್ ಡೆಲಿವರಿ ಇರುವ ಚಾರ್ಜರ್‌ಗೆ ಫೋನ್ ಸಿಕ್ಕಿಸಿದ ಕೂಡಲೇ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಚಾರ್ಜರ್ ಮೊದಲು 5 ವೋಲ್ಟ್ ಬಿಡುತ್ತದೆ. ಆಮೇಲೆ ಅದೇ ಸಿಸಿ ತಂತಿಯ ಮೇಲೆ ತನ್ನಲ್ಲಿರುವುದರ ಪಟ್ಟಿ ಕಳಿಸುತ್ತದೆ: 5 ವೋಲ್ಟ್‌ನಲ್ಲಿ ಇಷ್ಟು ಆಂಪಿಯರ್, 9ರಲ್ಲಿ ಇಷ್ಟು, 15ರಲ್ಲಿ ಇಷ್ಟು, 20ರಲ್ಲಿ ಇಷ್ಟು. ಫೋನು ಪಟ್ಟಿ ಓದಿ, ‘9 ವೋಲ್ಟ್‌ನ ಸಾಲು ನನಗಿರಲಿ’ ಎಂದು ಕೋರಿಕೆ ಕಳಿಸುತ್ತದೆ. ಚಾರ್ಜರ್ ಒಪ್ಪಿಗೆ ಕೊಟ್ಟು, ವೋಲ್ಟೇಜ್ ಏರಿಸಿ, ‘ಸಿದ್ಧ’ ಎನ್ನುತ್ತದೆ. ಆಮೇಲೆಯೇ ಫೋನು ಪೂರ್ತಿ ಎಳೆಯಲು ಶುರುಮಾಡುವುದು. ಸೆಕೆಂಡಿಗೆ ಸುಮಾರು 3 ಲಕ್ಷ ಬಿಟ್‌ಗಳ ವೇಗದಲ್ಲಿ ಈ ಮಾತುಕತೆ ನಡೆದು, ನೀವು ಫೋನನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಮುಗಿದಿರುತ್ತದೆ.

ಲ್ಯಾಪ್‌ಟಾಪ್‌ಗಳಿಗೂ ಪವರ್ ಡೆಲಿವರಿ ಗೊತ್ತು, ಆದರೆ ಬಹುತೇಕವು ಅದನ್ನು ತಾವು ಚಾರ್ಜ್ ಆಗಲು ಬಳಸುತ್ತವೆ. ಫೋನಿಗೆ ಕೊಡುವಾಗ ಅವುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು 5 ವೋಲ್ಟ್‌ನ ಒಂದೇ ಸಾಲು.

● ಹಾಗಾದರೆ ಲ್ಯಾಪ್‌ಟಾಪ್‌ನ 65 ಅಥವಾ 100 ವ್ಯಾಟ್ ಅಡಾಪ್ಟರ್ ಅನ್ನೇ ನೇರವಾಗಿ ಫೋನಿಗೆ ಹಾಕಿದರೆ ಫೋನು ಸುಟ್ಟುಹೋಗುತ್ತದೆಯೇ? ಒಳ್ಳೆಯ ಕಂಪನಿಯ ಟೈಪ್-ಸಿ ಅಡಾಪ್ಟರ್ ಆದರೆ ಇಲ್ಲ. ಬಡಿಸುವವರ ಬಕೆಟ್ ತುಂಬಾ ಸಾರಿದ್ದರೂ ಎಲೆಯ ಮುಂದೆ ಕೂತವರು ಕೈ ಅಡ್ಡ ಹಿಡಿದರೆ ಬಡಿಸುವುದು ನಿಲ್ಲುತ್ತದಲ್ಲ, ಇಲ್ಲೂ ಹಾಗೆಯೇ. ಎಷ್ಟು ಬೇಕೆಂದು ನಿರ್ಧರಿಸುವುದು ಫೋನು. ಮನೆಯಲ್ಲಿ ಬೇಗ ಚಾರ್ಜ್ ಆಗಬೇಕಿದ್ದರೆ ಲ್ಯಾಪ್‌ಟಾಪ್‌ನ ಪೋರ್ಟ್‌ಗಿಂತ ಲ್ಯಾಪ್‌ಟಾಪ್‌ನ ಅಡಾಪ್ಟರೇ ಮೇಲು. ಎಷ್ಟೋ ಮಂದಿಗೆ ಈ ದಾರಿ ಇದೆಯೆಂದೇ ಹೊಳೆದಿರುವುದಿಲ್ಲ.

● ಒಂದು ಲೆಕ್ಕ ಮಾಡಿ. ಫೋನಿನ 5,000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿ ಸುಮಾರು 19 ವ್ಯಾಟ್-ಅವರ್. ತೆಳ್ಳಗಿನ ಲ್ಯಾಪ್‌ಟಾಪ್ ಒಂದರ ಬ್ಯಾಟರಿ 50 ವ್ಯಾಟ್-ಅವರ್ ಎಂದಿಟ್ಟುಕೊಳ್ಳೋಣ. ಲ್ಯಾಪ್‌ಟಾಪ್ ಬ್ಯಾಟರಿಯ ವೋಲ್ಟೇಜ್ 5ಕ್ಕೆ ಇಳಿಯುವಾಗ ಸ್ವಲ್ಪ, ಕೇಬಲ್‌ನಲ್ಲಿ ಸ್ವಲ್ಪ, ಫೋನಿನೊಳಗೆ ಮತ್ತೆ ಇಳಿಯುವಾಗ ಸ್ವಲ್ಪ, ಹೀಗೆ ದಾರಿಯುದ್ದಕ್ಕೂ ಶಕ್ತಿ ಬಿಸಿಯಾಗಿ ಸೋರುತ್ತದೆ. ಎಲ್ಲ ಸೇರಿ ಖಾಲಿ ಫೋನು ಒಮ್ಮೆ ತುಂಬಲು ಲ್ಯಾಪ್‌ಟಾಪ್ ಬ್ಯಾಟರಿಯಿಂದ 23, 24 ವ್ಯಾಟ್-ಅವರ್ ಹೋಗುತ್ತದೆ. ಅಂದರೆ ಹತ್ತಿರ ಹತ್ತಿರ ಅರ್ಧ! ಪ್ರಯಾಣದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವುದಿದ್ದರೆ ಇದು ನೆನಪಿರಲಿ.

● ಗೋಡೆಯ ಕರೆಂಟ್‌ನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್. ಅಷ್ಟರಲ್ಲಿ ಇದೇ ಫೋನನ್ನು 40 ಸಲದ ಆಸುಪಾಸು ಪೂರ್ತಿ ಚಾರ್ಜ್ ಮಾಡಬಹುದು.

● ವಿಮಾನದಲ್ಲಿ ಕೈಚೀಲದೊಂದಿಗೆ ಒಯ್ಯುವ ಬ್ಯಾಟರಿಗೆ ವಿಮಾನ ಸಂಸ್ಥೆಯ ವಿಶೇಷ ಅನುಮತಿ ಬೇಡವೆನ್ನುವ ಮಿತಿ 100 ವ್ಯಾಟ್-ಅವರ್. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99 ಚಿಲ್ಲರೆಗೆ ಬಂದು ನಿಲ್ಲುವುದು ಈ ಕಾರಣಕ್ಕೆ.

● ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಬರಲು ದಿನಗಟ್ಟಲೆ ಆಗುವುದುಂಟು. ಮನೆಯಿಂದಲೇ ಕೆಲಸ ಮಾಡುವ ಮಕ್ಕಳು ಊರಿಗೆ ಬಂದಿದ್ದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ಆಗ ಅದೇ ದೊಡ್ಡ ಪವರ್‌ಬ್ಯಾಂಕ್. ಆದರೆ ಕ್ರಮ ಗೊತ್ತಿರಬೇಕು. ಪರದೆ ಉರಿಸಿಕೊಂಡು ಚಾರ್ಜ್ ಮಾಡಿದರೆ ಫೋನಿಗೆ ಹೋಗುವಷ್ಟೇ ಶಕ್ತಿ ಲ್ಯಾಪ್‌ಟಾಪ್ ನಡೆಯಲೂ ವ್ಯರ್ಥವಾಗಿ ಹೋಗುತ್ತದೆ. ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟು ಚಾರ್ಜ್ ಮಾಡುವುದು ಉಳಿತಾಯದ ದಾರಿ.

ಎಲ್ಲ ಪೋರ್ಟ್‌ಗಳೂ ಸ್ಲೀಪ್‌ನಲ್ಲಿ ವಿದ್ಯುತ್ ಕೊಡುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಂಥ ಪೋರ್ಟ್‌ನ ಪಕ್ಕ ಪುಟ್ಟ ಬ್ಯಾಟರಿಯ ಚಿತ್ರ ಇರುತ್ತದೆ. ಇನ್ನು ಕೆಲವಲ್ಲಿ ಬಯೋಸ್‌ಗೆ, ಅಂದರೆ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗೆ, ಹೋಗಿ ಈ ಸೌಲಭ್ಯ ಆನ್ ಮಾಡಿಕೊಳ್ಳಬೇಕು. ಡೆಲ್ ಅದನ್ನು ಪವರ್‌ಶೇರ್ ಎನ್ನುತ್ತದೆ, ಲೆನೊವೊ ಆಲ್ವೇಸ್ ಆನ್ ಯುಎಸ್‌ಬಿ ಎನ್ನುತ್ತದೆ. ಬಯೋಸ್‌ನ ಈ ಕೆಲಸವನ್ನು ಕರೆಂಟ್ ಇರುವ ದಿನವೇ ಮಾಡಿಟ್ಟುಕೊಳ್ಳಿ. ಫೋನಿನಲ್ಲೂ ಡೇಟಾ ಆರಿಸಿ, ಸಿಗ್ನಲ್ ಸರಿಯಾಗಿ ಸಿಗದ ಜಾಗದಲ್ಲಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಟವರ್ ಹುಡುಕುತ್ತಾ ಫೋನು ಕಳೆದುಕೊಳ್ಳುವ ಶಕ್ತಿ ಸಣ್ಣದಲ್ಲ.

● ಸಿ-ಯಿಂದ-ಸಿ ಕೇಬಲ್ ಹಾಕಿದಾಗ ಕೆಲವೊಮ್ಮೆ ಫೋನೇ ಲ್ಯಾಪ್‌ಟಾಪ್‌ಗೆ ವಿದ್ಯುತ್ ಕೊಡಲು ಹೊರಡುತ್ತದೆ. ಕೇಬಲ್‌ನ ಎರಡೂ ತುದಿ ಒಂದೇ ಥರ ಇರುವುದರಿಂದ ಕೊಡುವವರು ಯಾರು, ಪಡೆಯುವವರು ಯಾರು ಎಂದು ಆಕಾರ ನೋಡಿ ಹೇಳಲಾಗದು. ಎರಡೂ ಪಾತ್ರ ಮಾಡಬಲ್ಲ ಸಾಧನಗಳು ಸೆಕೆಂಡಿಗೆ ಎಷ್ಟೋ ಸಲ ‘ಕೊಡುವೆ’, ‘ಪಡೆಯುವೆ’ ಎಂದು ಪಾತ್ರ ಬದಲಿಸುತ್ತಾ ಇರುತ್ತವೆ. ಒಂದು ‘ಕೊಡುವೆ’ ಎನ್ನುವ ಗಳಿಗೆಯಲ್ಲಿ ಇನ್ನೊಂದು ‘ಪಡೆಯುವೆ’ ಎಂದರೆ ಅಲ್ಲಿಗೆ ಪಾತ್ರ ನಿಂತುಬಿಡುತ್ತದೆ. ಫೋನು ತಪ್ಪು ಪಾತ್ರ ಹಿಡಿದಿದ್ದರೆ ಮೇಲಿನಿಂದ ಪರದೆ ಎಳೆದು ಯುಎಸ್‌ಬಿಯ ನೋಟಿಫಿಕೇಷನ್ ಒತ್ತಿ. ಆಂಡ್ರಾಯ್ಡ್‌ನಲ್ಲಿ ಬದಲಿಸುವ ಆಯ್ಕೆ ಅಲ್ಲಿರುತ್ತದೆ.

● ಕೇಬಲ್‌ಗಳಲ್ಲೂ ಬುದ್ಧಿ ಇರುವವು, ಇಲ್ಲದವು ಎಂದು ಎರಡು ಬಗೆ. 3 ಆಂಪಿಯರ್‌ಗಿಂತ ಹೆಚ್ಚು ಒಯ್ಯುವ ಸಿ-ಸಿ ಕೇಬಲ್‌ನ ಪಿನ್ನಿನೊಳಗೆ ಇ-ಮಾರ್ಕರ್ ಎಂಬ ಚಿಪ್ ಇರಲೇಬೇಕು. ‘ನಾನು 5 ಆಂಪಿಯರ್ ತಾಳಬಲ್ಲೆ’ ಎಂದು ಚಾರ್ಜರ್‌ಗೆ ತಿಳಿಸುವುದು ಅದೇ. ಪ್ರಮಾಣೀಕೃತ ಕೇಬಲ್ ಮೇಲೆ 60 ಅಥವಾ 240 ವ್ಯಾಟ್ ಎಂಬ ಗುರುತು ಇರುತ್ತದೆ. ಲ್ಯಾಪ್‌ಟಾಪ್‌ನಿಂದ ಫೋನಿಗೆ 60ರ ಕೇಬಲ್ ಧಾರಾಳ ಸಾಕು, ಹೆಚ್ಚು ದುಡ್ಡು ಸುರಿಯುವ ಅಗತ್ಯವಿಲ್ಲ.

● ಕೆಟ್ಟ ಕೇಬಲ್‌ನ ಕಥೆ ಬೇರೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲೆಯುಂಗ್ 2015ರ ನವೆಂಬರ್‌ನಿಂದ ಅಮೆಜಾನ್‌ನಲ್ಲಿ ಮಾರುವ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು, ಪರೀಕ್ಷಿಸಿ, ವಿಮರ್ಶೆ ಬರೆಯತೊಡಗಿದರು. ಎ-ಯಿಂದ-ಸಿ ಕೇಬಲ್‌ನ ಒಳಗೆ 56 ಕಿಲೊಓಮ್‌ನ ರೆಸಿಸ್ಟರ್ ಇರಬೇಕು. ಅಲ್ಲಿ 10 ಕಿಲೊಓಮ್‌ನದನ್ನು ಹಾಕಿದರೆ ಫೋನು ‘3 ಆಂಪಿಯರ್ ಸಿಗುತ್ತದೆ’ ಎಂದು ನಂಬಿ ಅಷ್ಟನ್ನೂ ಎಳೆಯಲು ನೋಡುತ್ತದೆ. ಪಾಪದ ಹಳೆಯ ಪೋರ್ಟ್‌ಗೆ ಅಷ್ಟು ತಾಕತ್ತಿಲ್ಲದಿದ್ದರೆ ಅದು ಹಾಳಾಗಬಹುದು. ಇಂಥವನ್ನು ಅವರು ಸಾಲಾಗಿ ಪತ್ತೆ ಹಚ್ಚಿದರು. 2016ರ ಫೆಬ್ರುವರಿಯಲ್ಲಿ ತಂತಿಗಳನ್ನೇ ಅದಲುಬದಲು ಜೋಡಿಸಿದ್ದ ಒಂದು ಕೇಬಲ್ ಅವರ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪ್ ಅನ್ನೇ ಕೆಡಿಸಿತು. ಮುಂದಿನ ತಿಂಗಳೇ ಅಮೆಜಾನ್ ನಿಯಮಕ್ಕೆ ಒಗ್ಗದ ಟೈಪ್-ಸಿ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು. ಒಬ್ಬ ವ್ಯಕ್ತಿ ಕೈಯಾರೆ ಪರೀಕ್ಷಿಸಿ ಬರೆದದ್ದರಿಂದ ನಮ್ಮೆಲ್ಲರ ಫೋನುಗಳಿಗಾದ ಉಪಕಾರ ದೊಡ್ಡದು.

● ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಫೋನಿನ ಲೋಹದ ಅಂಚಿನ ಮೇಲೆ ಬೆರಳಿನ ಹಿಂಭಾಗ ಸವರಿದಾಗ ಜುಮ್ ಎಂದದ್ದುಂಟೇ? ಭ್ರಮೆಯಲ್ಲ. ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಅರ್ಥಿಂಗ್ ಇರುವುದಿಲ್ಲ. ರೇಡಿಯೊ ಗದ್ದಲ ತಗ್ಗಿಸಲು ಅವುಗಳೊಳಗೆ ಹಾಕಿರುವ ಒಂದು ಕೆಪಾಸಿಟರ್ ಮೂಲಕ ಮಿಲಿಆಂಪಿಯರ್‌ನ ಸಣ್ಣದೊಂದು ಪಾಲು ಹೊರಕ್ಕೆ ಸೋರುತ್ತದೆ. ಅದು ಲ್ಯಾಪ್‌ಟಾಪ್‌ನ ಮೈಗೆ, ಅಲ್ಲಿಂದ ಕೇಬಲ್ ಹಿಡಿದು ಫೋನಿಗೆ, ಬರಿಗಾಲಲ್ಲಿ ನೆಲದ ಮೇಲೆ ನಿಂತ ನಿಮ್ಮ ಮೈಗೆ ಇಳಿಯುತ್ತದೆ. ಒಳ್ಳೆಯ ಅಡಾಪ್ಟರ್ ಆದರೆ ಇದರಿಂದ ಅಪಾಯವಿಲ್ಲ. ಮೂರು ಪಿನ್ನಿನ ಅಡಾಪ್ಟರ್ ಹಾಕಿಯೂ ಜುಮ್ ಎಂದರೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಫೋನಿಗಿಂತ ಮನೆಯವರ ಜೀವದ ಪ್ರಶ್ನೆ ಅದು, ಮುಂದೂಡಬೇಡಿ. ಅಗ್ಗದ ನಕಲಿ ಅಡಾಪ್ಟರ್ ಜೋರಾಗಿ ಶಾಕ್ ಹೊಡೆದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಅದನ್ನು ಮತ್ತೆ ಬಳಸಬೇಡಿ.

● ಲ್ಯಾಪ್‌ಟಾಪ್‌ನ ನಿಧಾನ ಚಾರ್ಜಿಂಗ್‌ನಿಂದ ಫೋನಿನ ಬ್ಯಾಟರಿ ಕೆಡುತ್ತದೆ ಎಂಬ ಮಾತಿದೆ. ನಿಜಸ್ಥಿತಿ ಇದಕ್ಕೆ ಉಲ್ಟಾ. ಲಿಥಿಯಂ-ಅಯಾನ್ ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಕಡಿಮೆ ವ್ಯಾಟ್ ಎಂದರೆ ಕಡಿಮೆ ಬಿಸಿ. ಅವಸರ ಇಲ್ಲದಿದ್ದರೆ ಲ್ಯಾಪ್‌ಟಾಪ್ ಪೋರ್ಟ್ ಬ್ಯಾಟರಿಗೆ ಹಿತವೇ. ಫೋನನ್ನು ಇಡುವ ಜಾಗ ಮಾತ್ರ ಸರಿಯಿರಬೇಕು. ಕೀಬೋರ್ಡ್ ಪಕ್ಕದ ಬೆಚ್ಚನೆಯ ಜಾಗದಲ್ಲೋ, ಲ್ಯಾಪ್‌ಟಾಪ್‌ನ ಬಿಸಿಗಾಳಿ ಹೊರಬರುವ ಕಡೆಯೋ ಇಟ್ಟರೆ ನಿಧಾನ ಚಾರ್ಜಿಂಗ್‌ನ ಲಾಭವೆಲ್ಲ ಹೋಯಿತು.

● 80 ಪರ್ಸೆಂಟ್ ಆದ ಮೇಲೆ ಚಾರ್ಜ್ ನಿಧಾನವಾಗುವುದಕ್ಕೆ ಲ್ಯಾಪ್‌ಟಾಪ್ ಹೊಣೆಯಲ್ಲ. ಬ್ಯಾಟರಿಯ ವೋಲ್ಟೇಜ್ ಮಿತಿಗೆ ತಲುಪಿದಾಗ ಫೋನೇ ಕರೆಂಟ್ ಕಡಿಮೆ ಮಾಡುತ್ತಾ ಬರುತ್ತದೆ. ಯಾವ ಚಾರ್ಜರ್ ಹಾಕಿದರೂ ಇದೇ.

● ಚಾರ್ಜಿಂಗ್ ಪೋರ್ಟ್ ಮೂಲಕ ಮಾಹಿತಿ ಕದಿಯುವುದಕ್ಕೆ ಜ್ಯೂಸ್ ಜಾಕಿಂಗ್ ಎನ್ನುತ್ತಾರೆ. 2011ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇದರ ಬಗ್ಗೆ ಎಚ್ಚರಿಸಲೆಂದೇ ಚಾರ್ಜಿಂಗ್ ಕಟ್ಟೆಯೊಂದನ್ನು ಇಟ್ಟಿದ್ದರು. ಆ ಹೆಸರು ಬಳಕೆಗೆ ಬಂದದ್ದು ಆಗಲೇ. 2013ರಲ್ಲಿ ಐಫೋನ್ ‘ಈ ಕಂಪ್ಯೂಟರ್ ಅನ್ನು ನಂಬಬಹುದೇ?’ ಎಂದು ಕೇಳಲು ಶುರುಮಾಡಿತು. 2015ರ ಆಂಡ್ರಾಯ್ಡ್ 6ರಿಂದ ಫೋನುಗಳು ತಾವಾಗಿ ಚಾರ್ಜಿಂಗ್‌ಗೆ ಮಾತ್ರ ಒಪ್ಪುತ್ತವೆ. ಅಪರಿಚಿತರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದಾಗ ಇಂಥ ಪ್ರಶ್ನೆ ಬಂದರೆ ‘ಬೇಡ’ ಎಂದೇ ಒತ್ತಿ. ಚಾರ್ಜ್ ಆಗಲು ಆ ನಂಬಿಕೆಯ ಅಗತ್ಯವಿಲ್ಲ.

ಬೆಂಗಳೂರಿನ ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಯಾವ ಯುಎಸ್‌ಬಿ ಸಾಧನ ಯಾವಾಗ ಸಿಕ್ಕಿಸಿದಿರಿ ಎನ್ನುವುದು ದಾಖಲಾಗುತ್ತಿರಬಹುದು. ಬರೀ ಚಾರ್ಜ್ ಎಂದು ನೀವು ಅಂದುಕೊಂಡದ್ದು ಭದ್ರತಾ ವಿಭಾಗದ ಕಣ್ಣಿಗೆ ಹೊಸ ಸಾಧನವೊಂದರ ಸಂಪರ್ಕವಾಗಿ ಕಾಣಬಹುದು. ನಿಯಮ ಏನಿದೆಯೆಂದು ಐಟಿ ವಿಭಾಗದವರನ್ನು ಒಮ್ಮೆ ಕೇಳಿಬಿಡಿ.

● ಹಾಕಿ ತೆಗೆಯುವ ಸವೆತಕ್ಕೆ ಟೈಪ್-ಸಿ 10,000 ಸಲ ತಾಳಬೇಕೆಂಬುದು ನಿಯಮ. ಹಳೆಯ ಯುಎಸ್‌ಬಿ-ಎಗೆ ಇದ್ದದ್ದು 1,500. ಬಿಗಿಯಾಗಿ ಕಚ್ಚಿ ಹಿಡಿಯುವ ಸ್ಪ್ರಿಂಗ್‌ಗಳನ್ನು ಪೋರ್ಟ್‌ನಲ್ಲಿಡದೆ ಕೇಬಲ್‌ನ ಪಿನ್ನಿನಲ್ಲಿ ಇಟ್ಟಿದ್ದಾರೆ. ಸವೆದರೆ ಕೇಬಲ್ ಸವೆಯಲಿ, ಸಾವಿರಾರು ರೂಪಾಯಿಯ ಫೋನಿನ ಪೋರ್ಟ್ ಉಳಿಯಲಿ ಎಂಬ ಯೋಚನೆ. ಹೊಸ ಕೇಬಲ್ ಕೂಡ ಸಡಿಲ ಎನಿಸಿದರೆ ಪೋರ್ಟ್‌ನ ತಳದಲ್ಲಿ ಜೇಬಿನ ನೂಲು, ಧೂಳು ಒತ್ತಿ ಕೂತಿರಬಹುದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿಪಿನ್ ಮುಟ್ಟಿಸಬೇಡಿ.

● ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಕೀಬೋರ್ಡ್, ಮೌಸ್, ಪ್ರಿಂಟರ್‌ಗಳಿಗೆಲ್ಲ ಒಂದೇ ಬಗೆಯ ಪೋರ್ಟ್ ಇರಲಿ ಎಂಬುದು ಉದ್ದೇಶ. ಇಂಟೆಲ್‌ನಲ್ಲಿ ಅದನ್ನು ರೂಪಿಸಿದ ತಂಡದ ಮುಂದಾಳು ಅಜಯ್ ಭಟ್, ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. 2013ರಲ್ಲಿ ಅವರಿಗೆ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿ ಬಂತು. ಎರಡೂ ಮಗ್ಗುಲಲ್ಲಿ ಕೂರುವ ಪಿನ್ ಆಗಲೇ ಮಾಡಬಹುದಿತ್ತು, ಆದರೆ ತಂತಿಗಳೂ ಖರ್ಚೂ ಹೆಚ್ಚುತ್ತಿದ್ದವು. ಆ ಸೌಲಭ್ಯಕ್ಕಾಗಿ 2014ರ ಆಗಸ್ಟ್‌ವರೆಗೆ, ಟೈಪ್-ಸಿಯ ನಿಯಮಾವಳಿ ಹೊರಬರುವವರೆಗೆ, ಕಾಯಬೇಕಾಯಿತು. ಮರುವರ್ಷ ಆಪಲ್‌ನ 12 ಇಂಚಿನ ಮ್ಯಾಕ್‌ಬುಕ್ ಬಂತು. ಚಾರ್ಜಿಂಗ್‌ಗೂ ಡೇಟಾಗೂ ಪರದೆಗೂ ಅದರಲ್ಲಿದ್ದದ್ದು ಒಂದೇ ಒಂದು ಸಿ ಪೋರ್ಟ್.

● ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯ. ಲ್ಯಾಪ್‌ಟಾಪ್‌ಗಳಿಗೆ ಅಲ್ಲಿ ಗೊತ್ತುಮಾಡಿದ ದಿನ 2026ರ ಏಪ್ರಿಲ್ 28. ಭಾರತೀಯ ಮಾನಕ ಬ್ಯೂರೊ ಕೂಡ ಟೈಪ್-ಸಿಗೆ ಮಾನಕ ಪ್ರಕಟಿಸಿದೆ. ಆಪಲ್ ತನ್ನ ಲೈಟ್ನಿಂಗ್ ಪಿನ್ನನ್ನು ಬಿಟ್ಟು ಟೈಪ್-ಸಿಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಐಫೋನ್ 15ರೊಂದಿಗೆ. ಆ ಫೋನು ಬೇರೆ ಸಾಧನಕ್ಕೆ 4.5 ವ್ಯಾಟ್‌ವರೆಗೆ ವಿದ್ಯುತ್ ಕೊಡಲೂ ಬಲ್ಲದು. ಇಯರ್‌ಬಡ್‌ನ ಡಬ್ಬಿ ಖಾಲಿಯಾಗಿ ಹತ್ತಿರದಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೆ ಅಷ್ಟು ಬೇಕಾದಷ್ಟಾಯಿತು.